ಕಲಸಿದ ಕೈ

ನಮ್ಮ ಮನೆಯಲ್ಲಿ ಒಂದು ವರ್ಷವಿಡೀ ಒಂದೇ ಮಂತ್ರ: ಮಿಸ್ ಹೇಳಿದ್ದಾರೆ. ನೀರು ಕೂತು ಕುಡಿಯಬೇಕು, ಮಿಸ್ ಹೇಳಿದ್ದಾರೆ. ಬ್ಯಾಗನ್ನು ಎರಡೂ ಹೆಗಲಿಗೆ ಹಾಕಬೇಕು, ಮಿಸ್ ಹೇಳಿದ್ದಾರೆ. ಕೆಮ್ಮುವಾಗ ಅಂಗೈಯಲ್ಲ, ಮೊಣಕೈ ಮಡಚಿ ಅಡ್ಡ ಹಿಡಿಯಬೇಕು, ಅದನ್ನೂ ಮಿಸ್ಸೇ ಹೇಳಿದ್ದಾರೆ. ಇವೆಲ್ಲ ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮಾತುಗಳು. ನಾನು ಹೇಳಿದಾಗ ಕಿವಿಯ ಮೇಲೆ ಹಾಕಿಕೊಳ್ಳದ ನನ್ನ ಮಗಳು, ಅದೇ ಮಾತು ಮಿಸ್ ಬಾಯಿಂದ ಬಿದ್ದದ್ದೇ ತಡ, ತಲೆಯ ಮೇಲೆ ಹೊತ್ತುಕೊಂಡು ಮನೆಗೆ ತರುತ್ತಿದ್ದಳು.

ಮಗಳನ್ನು ನಾವು ಗುಂಡುಸೂಜಿ ಎಂದು ಕರೆಯುತ್ತೇವೆ. ಕಡ್ಡಿಯಂಥ ಮೈ, ಅದರ ಮೇಲೆ ಗುಂಗುರು ಕೂದಲಿನ ದುಂಡು ತಲೆ. ಮಾತೂ ಹಾಗೆಯೇ, ಎಲ್ಲಿ ಚುಚ್ಚಬೇಕೋ ಸರಿಯಾಗಿ ಅಲ್ಲಿಗೇ ಚುಚ್ಚುತ್ತದೆ. ಆಗ ಎರಡನೇ ಕ್ಲಾಸು. ಒಂದೇ ಮಗು, ಹಾಗಾಗಿ ಹಂಚಿಕೊಂಡು ನನಗೆ ಅಭ್ಯಾಸವಿಲ್ಲ.

ನಾನು ಬೇಕರಿಯಲ್ಲಿ ಕೇಕಿನ ಮೇಲೆ ಬರೆಯುವವಳು. ಹಿಟ್ಟು ಕಲಸುವುದು, ಬೇಯಿಸುವುದು ಎಲ್ಲವನ್ನೂ ಮಾಡುತ್ತೇನೆ, ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಬರವಣಿಗೆಗೆ. ಕೇಕಿನ ಮೇಲೆ ಬರೆಯುವುದೆಂದರೆ ಕಾಗದದ ಮೇಲೆ ಗೀಚಿದಂತಲ್ಲ. ಜಾಗ ಮುಗಿಯಿತೆಂದು ಕೊನೆಯ ಅಕ್ಷರವನ್ನು ಮೂಲೆಗೆ ತುರುಕಿದರೆ ಮದುಮಗಳ ಹೆಸರು ಮುದ್ದೆಯಾಗುತ್ತದೆ. ಅದಕ್ಕೆ ನಾನು ಮೊದಲು ಸಾಲಿನ ಎಲ್ಲ ಅಕ್ಷರಗಳ ಮೈಯನ್ನು ಬರೆದುಕೊಳ್ಳುತ್ತೇನೆ. ಅದು ದೊಡ್ಡ ಮೂತಿಯ ಕೆಲಸ. ಮೂತಿ ಎಂದರೆ ಕ್ರೀಮ್ ತುಂಬಿದ ಕೋನಿನ ತುದಿಗೆ ಸಿಕ್ಕಿಸುವ ಸ್ಟೀಲಿನ ಕೊಳವೆ. ಸಾಲು ಅಳತೆಗೆ ಕೂತಿತೆಂದು ಖಾತ್ರಿಯಾದ ಮೇಲೆ ಸಣ್ಣ ಮೂತಿ ಹಾಕಿಕೊಂಡು ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಕೊಡುತ್ತಾ ಹೋಗುತ್ತೇನೆ. ಮೊದಲು ಮೈ, ಆಮೇಲೆ ತಲೆ. ಇಷ್ಟು ವರ್ಷದಲ್ಲಿ ಒಂದು ಅಕ್ಷರ ತಪ್ಪಿಲ್ಲ. ಗಿರಾಕಿಗಳು ಚೀಟಿಯಲ್ಲಿ ತಪ್ಪು ಬರೆದು ತಂದದ್ದನ್ನು ಅವರಿಗೇ ಗೊತ್ತಾಗದಂತೆ ತಿದ್ದಿ ಬರೆದಿದ್ದೇನೆ.

ಗುಂಡುಸೂಜಿ ಅಕ್ಷರ ಕಲಿತದ್ದು ನನ್ನ ಹತ್ತಿರ. ಇನ್ನೂ ಶಾಲೆಗೆ ಸೇರಿರಲಿಲ್ಲ. ಕೋನಿನಲ್ಲಿ ಉಳಿದ ಕ್ರೀಮನ್ನು ಮನೆಗೆ ತಂದು, ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ, ಅವಳ ಪುಟ್ಟ ಮುಷ್ಟಿಯನ್ನು ನನ್ನ ಮುಷ್ಟಿಯೊಳಗೆ ಹಿಡಿದು ಬರೆಸುತ್ತಿದ್ದೆ. ಸರಿಯಾಗಿ ಬರೆದ ಅಕ್ಷರವನ್ನು ನೆಕ್ಕಬಹುದು, ತಪ್ಪಿದ್ದನ್ನು ಒರೆಸಬೇಕು. ಅಷ್ಟೇ ನನ್ನ ಪಾಠ. 'ಳ' ಅವಳಿಗೆ ಬಹಳ ದಿನ ಕೈಕೊಟ್ಟಿತು. ಬಂದ ದಿನ ಇಡೀ ತಟ್ಟೆ ತುಂಬ 'ಳ' ಬರೆದು ನೆಕ್ಕಿ, ಸಂಜೆ ಊಟ ಬೇಡವೆಂದಳು.

ಅಂಥವಳು ಎರಡನೇ ಕ್ಲಾಸಿಗೆ ಹೋದ ಮೊದಲ ವಾರ ಬ್ಯಾಗು ಬಿಸಾಕಿ ಬಂದು ಹೇಳಿದ್ದೇನು?

"ಅಮ್ಮಾ, ನೀನು ಬರೆಯೋದು ತಪ್ಪು."

ಅವಳ ಪುಸ್ತಕದಲ್ಲಿ ನನ್ನ ಪದ್ಧತಿಯಂತೆ ಇಡೀ ಸಾಲಿಗೆ ಮೈ ಬರೆದು, ತಲೆ ಕೊಡುವಷ್ಟರಲ್ಲಿ ಗಂಟೆ ಹೊಡೆದು, ತಲೆಯಿಲ್ಲದ ಅಕ್ಷರಗಳು ಸಾಲಾಗಿ ನಿಂತುಬಿಟ್ಟಿದ್ದವು. ಒಂದು ಅಕ್ಷರವನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕೆಂದು ಮಿಸ್ ತೋರಿಸಿಕೊಟ್ಟರಂತೆ.

"ತಪ್ಪು ಅಂತ ಮಿಸ್ ಅಂದ್ರಾ?" ನಾನು ಸೌಟು ಹಿಡಿದೇ ಕೇಳಿದೆ.

"ಮಿಸ್ ಯಾಕೆ ಅಂತಾರೆ? 'ಹೀಗೂ ಬರೀಬಹುದು ಪುಟ್ಟಾ' ಅಂದ್ರು. ನಂಗೇ ಗೊತ್ತಾಯ್ತು."

ಸ್ವಲ್ಪ ದಿನಗಳಲ್ಲೇ ಅವಳ ಪುಸ್ತಕದಲ್ಲಿ ನನ್ನ ಕೈ ಕಾಣದಂತಾಯಿತು. ಅಕ್ಷರಗಳೆಲ್ಲ ಒಂದೊಂದಾಗಿ, ತಲೆ ಬಾಚಿಕೊಂಡು, ಪಕ್ಕದವರನ್ನು ಮುಟ್ಟದೆ ನಿಂತಿರುತ್ತಿದ್ದವು. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಎನ್ನುವವರೇ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಅದು ಇವತ್ತಿನವರೆಗೂ ಪೂರ್ತಿ ಆರಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮಿಸ್ ನೋಡಲು ಏನೂ ಇಲ್ಲ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಬೆರಳು ಗಿಡ್ಡ, ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. ಆದರೆ ನನ್ನ ಮಗಳ ಕಣ್ಣಿಗೆ ಆಕೆಯ ಉಗುರಿನ ತುದಿಯೂ ಬಿಡದೆ ಕಾಣುತ್ತಿತ್ತು.

"ಮಿಸ್ ಹೆಬ್ಬೆರಳು ಒಡೆದು ರಕ್ತ ಬರುತ್ತೆ ಗೊತ್ತಾ?" ಒಂದು ದಿನ ಊಟಕ್ಕೆ ಕೂತಾಗ ತುತ್ತು ಕೆಳಗಿಟ್ಟು ಹೇಳಿದಳು. "ಸೀಮೆಸುಣ್ಣಕ್ಕೆ. ಪ್ಲಾಸ್ಟರ್ ಸುತ್ಕೊಂಡು ಬರೀತಾರೆ. ಪಾಪ ಅಲ್ವಾ ಅಮ್ಮ?"

ನಾನು ಅವಳ ತಟ್ಟೆಗೆ ಬಡಿಸುತ್ತಿದ್ದೆ. ಬಡಿಸುವ ಕೈಯ ಮೇಲೆ ಓವನ್ನಿನ ಬಾಗಿಲು ತಾಗಿದ ಹೊಸ ಬರೆ, ಅದರ ಪಕ್ಕಕ್ಕೆ ಹಳೆಯ ಬರೆ. ಅವಳ ಮೂಗಿನ ನೇರಕ್ಕೇ ಇತ್ತು. ಊಹೂಂ, ಪಾಪವೆಲ್ಲ ಶಾಲೆಯಲ್ಲೇ ಖರ್ಚಾಗಿತ್ತು.

"ನಿನಗೂ ಆ ಟೀಚರ್‌ಗೂ ಏನು ಜಗಳ?" ನನ್ನ ಗಂಡ ನಗುತ್ತಿದ್ದ. ಅವನದು ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಮೇಲೆ ಕೆಳಗೆ ಮಾಡಿ ಬಂದವನಿಗೆ ಮನೆಯಲ್ಲಿ ಎಲ್ಲವೂ ಸಮಾನ. "ಮಗು ಯಾರನ್ನಾದ್ರೂ ಮೆಚ್ಕೊಂಡ್ರೆ ಒಳ್ಳೇದೇ ಅಲ್ವಾ?"

"ನಿನ್ನನ್ನ ಮೆಚ್ಕೊಂಡಿದ್ರೆ ಸಹಿಸ್ಕೋತಿದ್ದೆ," ಎಂದೆ. ಅದೂ ಸುಳ್ಳೇ.

ವರ್ಷದ ಕೊನೆ ಹತ್ತಿರ ಬಂತು. ಶಾಲೆಯ ಗೇಟಿನ ಹತ್ತಿರ ತಾಯಂದಿರ ಗುಂಪು ಸೇರಿತು. ಗುಂಪಿಗೆ ಮುಂದಾಳು ಹಲ್ಲಿನ ಡಾಕ್ಟರ್, ಇದೇ ಕ್ಲಾಸಿನ ಒಂದು ಹುಡುಗಿಯ ತಾಯಿ. ಎದುರಿಗಿರುವವರು ಬಾಯಿ ತೆರೆದರೆ ಮಾತು ಕೇಳುವುದಕ್ಕಿಂತ ಮೊದಲು ದವಡೆ ನೋಡುವ ಹೆಂಗಸು. ಕೆಟ್ಟವಳಲ್ಲ, ಆದರೆ ಅರಿವಳಿಕೆ ಕೊಟ್ಟಂತೆ ಮಾತಾಡಿ ಎಲ್ಲರನ್ನೂ ಒಪ್ಪಿಸಿಬಿಡುತ್ತಾಳೆ.

"ಈ ಸಲ ಮಿಸ್‌ಗೆ ಏನಾದ್ರೂ ಯೋಚನೆ ಮಾಡಿ ಕೊಡ್ಬೇಕು," ಎಂದಳು ಡಾಕ್ಟರ್. "ಹೋದ ವರ್ಷ ಎಲ್ರೂ ಮಗ್ಗೇ ಕೊಟ್ಟಿದ್ದಾರೆ. ಅವರೇನು ಹೋಟೆಲ್ ಇಡ್ತಾರಾ? ನಾವೆಲ್ಲ ಸೇರಿ ಒಂದು ಒಳ್ಳೆ ಕೈಚೀಲ ಕೊಡೋಣ. ಜೊತೆಗೆ ಕೇಕು." ಆಮೇಲೆ ನನ್ನ ಕಡೆ ತಿರುಗಿದಳು. "ಕೇಕು ನಿಮ್ದೇ ಕೈಯಿಂದ ಆಗ್ಬೇಕು. ಮೇಲೆ 'ನಮ್ಮ ಎರಡನೇ ಅಮ್ಮನಿಗೆ' ಅಂತ ಬರೀರಿ."

ಉಳಿದವರು ಕರಗಿ ನೀರಾದರು. ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

"ಅಷ್ಟುದ್ದ ಹಿಡಿಯಲ್ಲ," ಎಂದೆ. ಇದಕ್ಕಿಂತ ಚಿಕ್ಕ ಕೇಕಿನ ಮೇಲೆ ಇಡೀ ಕುಟುಂಬದ ಹೆಸರು ಬರೆದವಳು ನಾನು.

"ಹಾಗಾದ್ರೆ ಚಿಕ್ಕದಾಗಿ," ಡಾಕ್ಟರ್ ಕಣ್ಣು ಮುಚ್ಚಿ ಯೋಚಿಸಿದಳು. "'ಅಕ್ಷರ ಕಲಿಸಿದ ಕೈಗೆ.' ಹೇಗಿದೆ?"

ಆಹಾ ಎಂದರು ಎಲ್ಲರೂ. ನಾನು ನನ್ನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಅಕ್ಷರ ಕಲಿಸಿದ ಕೈ ಯಾವುದು? ಬೋರಲು ಹಾಕಿದ ತಟ್ಟೆಯ ಮೇಲೆ ಅವಳ ಮುಷ್ಟಿ ಹಿಡಿದು ನಡೆಸಿದ ಕೈ ಯಾವುದು? ಎರಡನೇ ಅಮ್ಮ ಎಂದು ಬರೆದಿದ್ದರೆ ನನಗೆ ಮೊದಲನೆಯದಾದರೂ ಉಳಿಯುತ್ತಿತ್ತು. ಹಟ ಮಾಡಿ ಅದನ್ನು ತಪ್ಪಿಸಲು ಹೋಗಿ, ಇದ್ದ ಒಂದು ಪಟ್ಟವನ್ನೂ ನನ್ನ ಕೈಯಾರೆ ಕೊಟ್ಟು ಬಂದೆ.

ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂಭ್ರಮ ನಡೆದಿತ್ತು. ಗುಂಡುಸೂಜಿ ಊಟದ ಮೇಜಿನ ಸುತ್ತ ಹಾಸಿಗೆಯ ಹೊದಿಕೆ ಇಳಿಬಿಟ್ಟು, ಅದರೊಳಗೆ ಅಂಗಡಿ ತೆರೆದಿದ್ದಳು. ಒಳಗಿನಿಂದ ಟೇಪು ಪರ್ರನೆ ಹರಿಯುವ ಸದ್ದು, ಕತ್ತರಿ ಸದ್ದು, ನಡುವೆ ಒಂದು ನಿಟ್ಟುಸಿರು. ನಾನು ಹೊದಿಕೆಯ ಅಂಚು ಎತ್ತಲು ಹೋದರೆ ಒಳಗಿನಿಂದ ಒಂದು ಕಾಲು ಬಂದು ಅದನ್ನು ಒತ್ತಿ ಹಿಡಿಯಿತು.

"ಒಳಗೆ ಬರ್ಬೇಡ. ಇದು ಮಿಸ್‌ದು."

"ನಾನು ನೋಡಿದ್ರೆ ಸವೆದು ಹೋಗುತ್ತಾ?"

"ನೀನು ನೋಡಿದ್ರೆ ಬಯ್ತೀಯ."

ನನ್ನ ಹುಟ್ಟಿದ ದಿನಕ್ಕೆ ಇವಳು ಕೊಟ್ಟದ್ದು ಅರ್ಧ ಕಚ್ಚಿದ ಚಾಕಲೇಟು, ಅದೂ ನಾನು ನೆನಪಿಸಿದ ಮೇಲೆ. ಮಿಸ್‌ಗಾದರೆ ಗುಟ್ಟು, ಪರದೆ, ಬೆವರು. ಒಂದು ಸಂಜೆ ಮೇಜಿನ ಕೆಳಗಿನಿಂದ ಹೊರಬಂದು, ಟೇಪಿನ ಅಂಟು ಮೆತ್ತಿದ ಬೆರಳಲ್ಲಿ ಮೂಗು ಒರೆಸಿಕೊಂಡು ಕೇಳಿದಳು: "ಮುಂದಿನ ವರ್ಷ ಮಿಸ್‌ಗೆ ಬೇರೆ ಮಕ್ಕಳು ಬರ್ತಾರಲ್ಲ ಅಮ್ಮ, ನನ್ನ ಮರೆತೇ ಬಿಡ್ತಾರಾ?" ಕಣ್ಣು ತುಂಬಿಕೊಂಡಿತ್ತು. ತಾಯಿಯಾದವಳಿಗೆ ಕರುಳು ಚುರ್ ಎನ್ನಬೇಕು. ನನಗೆ ಅನ್ನಿಸಿದ್ದು ಒಂದೇ: ಮರೆಯಲಿ, ಬೇಗ ಮರೆಯಲಿ.

"ಮರೆಯಲ್ಲ ಬಿಡು," ಎಂದೆ ಬಾಯಿಮಾತಿಗೆ.

ಅದೇ ದಿನಗಳಲ್ಲಿ ನನ್ನ ಸಣ್ಣ ಮೂತಿ ಕಾಣೆಯಾಯಿತು. ಬೇಕರಿಯದಲ್ಲ, ನನ್ನ ಸ್ವಂತದ್ದು. ದಿನವೂ ಮನೆಗೆ ತಂದು ಬಿಸಿನೀರಲ್ಲಿ ತೊಳೆದು ಕಿಟಕಿಯ ಹತ್ತಿರ ಒಣಗಲಿಡುತ್ತಿದ್ದೆ. ಡಬ್ಬಿ, ಸಿಂಕು, ಗಂಡನ ಸಾಮಾನಿನ ಪೆಟ್ಟಿಗೆ, ಎಲ್ಲ ಜಾಲಾಡಿದೆ.

"ನನ್ನ ಸಣ್ಣ ಮೂತಿ ನೋಡಿದ್ಯಾ?" ಗಂಡನನ್ನು ಕೇಳಿದೆ.

"ಸಣ್ಣದು ನೋಡಿ ಬಹಳ ದಿನ ಆಯ್ತು," ಎಂದ ಅವನು. "ಒಂದು ವಾರದಿಂದ ಊದಿಸ್ಕೊಂಡಿರೋದನ್ನೇ ನೋಡ್ತಿದೀನಿ."

ಹೊದಿಕೆಯ ಒಳಗಿನ ಟೇಪಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನನಗೆ ಹೊಳೆಯಲಿಲ್ಲ. ಗಂಡನ ಮೇಲೆ ರೇಗಿ ಸುಮ್ಮನಾದೆ. ಮೂತಿ ಇಲ್ಲದಿದ್ದರೆ ಕೆಲಸವೇನೂ ನಿಲ್ಲುವುದಿಲ್ಲ. ಬೆಣ್ಣೆ ಕಾಗದವನ್ನು ಕೋನಿನಂತೆ ಸುತ್ತಿ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿಕೊಂಡರೆ ಎಂಥ ಸಣ್ಣ ಒತ್ತನ್ನೂ ಕೊಡಬಹುದು. ಕೈಗೆ ಒಗ್ಗಿದ್ದು ಹೋಯಿತಲ್ಲ ಎಂಬ ಸಂಕಟ ಅಷ್ಟೇ.

ಶಾಲೆಯ ಕೊನೆಯ ದಿನ ಬೆಳಿಗ್ಗೆ ಬೇಕರಿಯ ಹಿಂದಿನ ಕೋಣೆಯಲ್ಲಿ ಕೇಕಿಗೆ ಕೈ ಹಾಕಿದೆ. ಚೌಕದ ಕೇಕು, ಬಿಳಿ ಕ್ರೀಮು. ಕಂದು ಬಣ್ಣದಲ್ಲಿ ಸಾಲಿನ ಮೈ ಬರೆದೆ. ಅಳತೆಗೆ ಕೂತಿತು. ಕಾಗದದ ಕೋನು ತೆಗೆದುಕೊಂಡು ತಲೆಗಳನ್ನು ಕೊಡತೊಡಗಿದೆ. 'ಅಕ್ಷರ' ಮುಗಿಯಿತು. ಕ್ಷದ ಒತ್ತು ಚಿತ್ರದಂತೆ ಬಂತು. ಕಕಾರಕ್ಕೆ ತಲೆಕಟ್ಟು ಕೊಟ್ಟೆ. ಮುಂದೆ ಲಕಾರ. ಅದರ ತಲೆಯ ಮೇಲೆ ಗುಡಿಸು ಸುತ್ತಬೇಕು. ಕೈ ಅಲ್ಲಿ ನಿಂತಿತು.

ಗುಡಿಸು ಕೊಟ್ಟರೆ ಕಲಿಸಿದ ಕೈ. ಬರಿಯ ತಲೆಕಟ್ಟು ಎಳೆದುಬಿಟ್ಟರೆ ಕಲಸಿದ ಕೈ.

ಅಕ್ಷರ ಕಲಸಿದ ಕೈಗೆ. ನನಗೆ ಒಬ್ಬಳಿಗೇ ನಗು ಬಂತು. ಸುಳ್ಳೇನು? ನಾನು ತಟ್ಟೆಯ ಮೇಲೆ ನೇರ ಮಾಡಿಟ್ಟಿದ್ದನ್ನು ಒಂದೇ ವರ್ಷದಲ್ಲಿ ಕಲಸಿಹಾಕಿದ್ದು ಆಕೆಯೇ ತಾನೆ? ದೊಡ್ಡವರು ಯಾರೂ ಕೇಕನ್ನು ಓದುವುದಿಲ್ಲ. ಅಭ್ಯಾಸದಲ್ಲಿ ಕಣ್ಣಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಓದುವವಳು ಆಕೆ ಒಬ್ಬಳೇ. ಓದಲಿ, ತುಂಡು ಬಾಯಲ್ಲಿರುವಾಗ ಗಂಟಲಿಗೆ ಸಿಕ್ಕಿಕೊಳ್ಳಲಿ. ಲಕಾರಕ್ಕೆ ತಲೆಕಟ್ಟು ಎಳೆದೆ. ಉಳಿದದ್ದನ್ನು ಒಂದು ಚುಕ್ಕೆ ತಪ್ಪದೆ ಮುಗಿಸಿ, ಡಬ್ಬ ಮುಚ್ಚಿ, ಉಳಿದ ಕ್ರೀಮಿನ ಕೋನನ್ನು ದಾರಿಯಲ್ಲಿ ಏನಾದರೂ ಅಲುಗಿದರೆ ಬೇಕಾಗುತ್ತದೆಂದು ಚೀಲಕ್ಕೆ ಹಾಕಿಕೊಂಡೆ. ವೃತ್ತಿಯಲ್ಲಿ ನಾನು ಅಷ್ಟು ಅಚ್ಚುಕಟ್ಟು.

ಕ್ಲಾಸಿನಲ್ಲಿ ನಮ್ಮನ್ನೆಲ್ಲ ಮಕ್ಕಳ ಕುರ್ಚಿಗಳ ಮೇಲೆ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಗೋಡೆಯ ಮೇಲೆ ಬಣ್ಣದ ಕಾಗದದ ಮೀನುಗಳು, ಕಿಟಕಿಯ ಕಟ್ಟೆಯ ಮೇಲೆ ಹತ್ತಿಯಲ್ಲಿ ಮೊಳೆತ ಕಾಳುಗಳು. ಮಿಸ್ ಮೇಜಿನ ಮೇಲೆ ಕೊಡುಗೆಗಳು ಸೇರುತ್ತಾ ಹೋದವು. ಕೈಚೀಲ ಕೊಟ್ಟದ್ದಾಯಿತು, ಒಂದು ಹೂಕುಂಡ, ಒಂದು ಪೆನ್ನು, ಡಾಕ್ಟರ್ ಅಷ್ಟೆಲ್ಲ ಹೇಳಿದ ಮೇಲೂ ಎರಡು ಮಗ್ಗು. ಆಕೆ ಪ್ರತಿಯೊಂದಕ್ಕೂ ಮೊದಲ ಸಲ ಮಗ್ಗು ನೋಡಿದವಳಂತೆ ಹಿಗ್ಗುತ್ತಿದ್ದಳು. ಹೆಬ್ಬೆರಳಿಗೆ ಪ್ಲಾಸ್ಟರ್ ಇದ್ದೇ ಇತ್ತು.

ಗುಂಡುಸೂಜಿ ಮುಂದೆ ಹೋಗಿ, ಪೇಪರಿನಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಚಾಚಿದಳು. ಮಿಸ್ ಬಿಚ್ಚಿದಳು. ಖಾಲಿ ಪೆನ್ನಿನ ಕೊಳವೆ, ಅದರ ತುದಿಗೆ ಸ್ಟೀಲಿನ ಒಂದು ಚೂಪು ಟೋಪಿ ತಲೆಕೆಳಗಾಗಿ ಸಿಕ್ಕಿಸಿದೆ, ಟೋಪಿಯ ಅಗಲದ ಬಾಯಿಗೆ ಸೀಮೆಸುಣ್ಣದ ತುಂಡು, ಸುತ್ತಲೂ ನೀಲಿ ಬಟ್ಟೆಯ ಟೇಪು.

"ಇದರಲ್ಲಿ ಬರೆದ್ರೆ ಸೀಮೆಸುಣ್ಣ ಕೈಗೆ ತಾಗಲ್ಲ ಮಿಸ್," ಗುಂಡುಸೂಜಿ ಒಂದೇ ಉಸಿರಿಗೆ ಹೇಳಿದಳು. "ಬೆರಳು ಒಡೆಯಲ್ಲ. ತುಂಡು ಸವೆದ್ರೆ ಬೇರೆ ಹಾಕ್ಬಹುದು."

ಮಿಸ್ ಬೋರ್ಡಿನ ಮೇಲೆ ಒಂದು 'ಅ' ಬರೆದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಈ ಕಡೆ ತಿರುಗಿದಾಗ ಅವಳ ಮೂಗು ಕೆಂಪಾಗಿತ್ತು. ಆ ದೊಡ್ಡ ರಾಶಿಯಲ್ಲಿ ಅದೊಂದನ್ನು ಮಾತ್ರ ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡಳು.

ಆ ಸ್ಟೀಲಿನ ಟೋಪಿ ಏನೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಸಣ್ಣ ಮೂತಿ. ಮಗಳು ಹೋದಳು, ಅಕ್ಷರ ಹೋಯಿತು, ಬಿರುದು ಹೋಯಿತು, ಈಗ ನನ್ನ ಹತ್ಯಾರವೂ ಆಕೆಯ ಕೈಗೆ ಹೋಯಿತು. ಗುಡಿಸು ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಹಲ್ಲು ಕಚ್ಚಿ ಕೂತೆ.

"ಈಗ ಕೇಕು!" ಎಂದಳು ಡಾಕ್ಟರ್.

ಡಬ್ಬ ತೆರೆದರು. ಮಕ್ಕಳೆಲ್ಲ ಮುತ್ತಿಕೊಂಡವು. ಮಿಸ್ ಗುಂಡುಸೂಜಿಯ ಹೆಗಲ ಮೇಲೆ ಕೈಯಿಟ್ಟಳು. "ನೀನೇ ಓದು. ಹೇಗೆ ಓದ್ಬೇಕು?"

"ಬರೆದಿದ್ದನ್ನ ಬರೆದ ಹಾಗೆ!" ಇಡೀ ಕ್ಲಾಸು ಕೂಗಿತು. ಅದು ಅವರ ವರ್ಷದ ಪಾಠ, ನಮ್ಮ ಮನೆಯಲ್ಲೂ ದಿನಾ ಕೇಳಿಸುತ್ತಿತ್ತು. ಊಹೆ ಮಾಡಬಾರದು, ಇದ್ದ ಅಕ್ಷರವನ್ನೇ ಓದಬೇಕು. ಇದು ನನ್ನ ತಲೆಗೆ ಹೋಗಿರಲೇ ಇಲ್ಲ. ದೊಡ್ಡವರು ಓದುವುದಿಲ್ಲ ಎಂದು ಲೆಕ್ಕ ಹಾಕಿದವಳು, ಮಕ್ಕಳಿಗೆ ಓದುವುದನ್ನು ಕಲಿಸಿರುತ್ತಾರೆ ಎಂಬುದನ್ನೇ ಮರೆತಿದ್ದೆ.

ಗುಂಡುಸೂಜಿ ಬೆರಳಿಟ್ಟು ಓದಿದಳು. "ಅಕ್ಷರ... ಕಲಸಿದ... ಕೈಗೆ."

ಡಾಕ್ಟರ್ ಮಗಳು ಕಿಸಕ್ಕನೆ ನಕ್ಕಳು. "ಕಲಸಿದ ಅಂತೆ! ಹಿಟ್ಟು ಕಲಸಿದ ಹಾಗೆ!" ಇಡೀ ಕ್ಲಾಸಿಗೆ ನಗು ಹತ್ತಿಕೊಂಡಿತು.

"ಅಯ್ಯೋ, ಒಂದು ಗುಡಿಸು ಬಿಟ್ಟೋಗಿದೆ," ಡಾಕ್ಟರ್ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು. "ಪರವಾಗಿಲ್ಲ ಬಿಡಿ. ಎಷ್ಟೊಂದು ಕೆಲಸ ಇರುತ್ತೆ ನಿಮಗೆ, ಪಾಪ."

ಆ ಪಾಪ ನನಗೆ ಬೇಕಾಗಿರಲಿಲ್ಲ. ನಾನು ಕಾದಿದ್ದದ್ದು ಮಿಸ್ ಮುಖ ಸಪ್ಪಗಾಗುವುದನ್ನು. ಸಪ್ಪಗಾದದ್ದು ನನ್ನ ಮಗಳ ಮುಖ. ಅವಳು ಕೇಕನ್ನು ನೋಡಿದಳು, ನನ್ನನ್ನು ನೋಡಿದಳು, ಮಿಸ್ ಕೈಯಲ್ಲಿದ್ದ ನೀಲಿ ಟೇಪಿನ ಕೊಳವೆಯನ್ನು ನೋಡಿದಳು. ಆಮೇಲೆ ಮಿಸ್ ಮುಂದೆ ಹೋಗಿ ಅಂಗೈ ಚಾಚಿದಳು.

"ಮಿಸ್, ಅದನ್ನ ವಾಪಸ್ ಕೊಡ್ತೀರಾ?"

"ಯಾಕೆ ಪುಟ್ಟಾ?" ಮಿಸ್‌ಗೆ ಅರ್ಥವಾಗಲಿಲ್ಲ.

"ಅದು ನಮ್ಮಮ್ಮನ ಸಣ್ಣ ಮೂತಿ. ಕೇಳ್ದೆ ತಗೊಂಡಿದ್ದೆ. ಅದಿಲ್ಲ ಅಂತ್ಲೇ ಗುಡಿಸು ಬರೆಯೋಕೆ ಆಗಿಲ್ಲ." ನಕ್ಕ ಕ್ಲಾಸಿನ ಕಡೆಗೇ ತಿರುಗಿ ಗಟ್ಟಿಯಾಗಿ ಹೇಳಿದಳು. "ನಮ್ಮಮ್ಮ ಯಾವತ್ತೂ ತಪ್ಪು ಬರೆಯಲ್ಲ. ತಪ್ಪು ನಂದು."

ಮಿಸ್ ಕೊಟ್ಟಳು. ಗುಂಡುಸೂಜಿ ಉಗುರಿನಿಂದ ಟೇಪು ಕಿತ್ತಳು. ಸೀಮೆಸುಣ್ಣ ಕೆಳಗೆ ಬಿದ್ದು ಮುರಿಯಿತು. ಮೇಜಿನ ಕೆಳಗೆ ಕೂತು ಅಷ್ಟು ದಿನ ಮಾಡಿದ್ದನ್ನು ನಿಂತ ನಿಲುವಿನಲ್ಲಿ ಬಿಚ್ಚಿಹಾಕಿ, ಮೂತಿಯನ್ನು ಫ್ರಾಕಿಗೆ ಒರೆಸಿ ತಂದು ನನ್ನ ಅಂಗೈಯಲ್ಲಿಟ್ಟಳು.

"ತಗೋ ಅಮ್ಮ. ಈಗ ಹಾಕು."

ವರ್ಷವಿಡೀ ನಾನು ಬಯಸಿದ್ದು ಇದೇ ತಾನೆ? ಆಕೆಯ ಕೈಯಿಂದ ಕಿತ್ತು ನನ್ನ ಕೈಗೆ ಕೊಡಲಿ, ಎಲ್ಲರ ಎದುರಿಗೆ, ನಮ್ಮಮ್ಮ ಎಂದು ಹೇಳಲಿ. ನಿಜ ಹೇಳುತ್ತೇನೆ, ಮೊದಲು ಬಂದದ್ದು ನಾಚಿಕೆಯಲ್ಲ, ಖುಷಿ. ಕಿವಿಯ ತನಕ ಬಿಸಿಯಾಯಿತು. ಎದ್ದು ಹೋಗಿ, ಚಾಕುವಿನ ತುದಿಯಲ್ಲಿ ಲಕಾರದ ತಲೆಕಟ್ಟು ಕೆರೆದು, ಚೀಲದಲ್ಲಿದ್ದ ಕೋನಿನ ಕ್ರೀಮನ್ನು ಮೂತಿಯ ಮೂಲಕ ಹಿಂಡಿ ಗುಡಿಸು ಸುತ್ತಿದೆ.

"ನೋಡಿದ್ರಾ ಮಿಸ್?" ಗುಂಡುಸೂಜಿ ಕಣ್ಣೊರೆಸಿಕೊಂಡಳು. "ಸಣ್ಣ ಮೂತಿ ಇದ್ರೆ ನಮ್ಮಮ್ಮಂಗೆ ತಪ್ಪೇ ಆಗಲ್ಲ."

ಮಿಸ್ ಕೇಕಿನ ಮೇಲೆ ಬಗ್ಗಿದಳು. ಸಾಲನ್ನು ಮೊದಲಿನಿಂದ ನೋಡಿದಳು. "ಹೌದು," ಎಂದಳು. ಆಮೇಲೆ ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಕ್ಷದ ಒತ್ತು ಎಷ್ಟು ಸಣ್ಣಗೆ, ಚೆನ್ನಾಗಿ ಬಂದಿದೆ," ಎಂದಳು.

ಸಣ್ಣ ಮೂತಿ ಇಲ್ಲದೆಯೇ ಅಷ್ಟು ಸಣ್ಣ ಒತ್ತು ಬಂದಿದೆ ಎಂದರೆ ಗುಡಿಸು ಬರದೇ ಇರಲು ಕಾರಣ ಮೂತಿಯಲ್ಲ. ಆಕೆಗೆ ತಿಳಿದಿತ್ತು. ಒಂದು ಮಾತಲ್ಲಿ ನನ್ನ ಮಾನ ಕಳೆಯಬಹುದಿತ್ತು, ಕಳೆಯಲಿಲ್ಲ. ಚಾಕು ಎತ್ತಿ ನನ್ನ ಮಗಳ ಕೈಗೆ ಕೊಡಲು ಹೋದಳು. ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಕೇಕು ಹೊಟ್ಟೆಗೆ ಹೋಗುತ್ತಿತ್ತು, ನಾನು ಎಂದೂ ತಪ್ಪು ಬರೆಯದ ಅಮ್ಮನಾಗಿ ಉಳಿಯುತ್ತಿದ್ದೆ. ಆದರೆ ಗುಂಡುಸೂಜಿ ಚಾಕು ಹಿಡಿಯಲಿಲ್ಲ. ನೆಲಕ್ಕೆ ಬಿದ್ದ ಸೀಮೆಸುಣ್ಣದ ಎರಡು ತುಂಡುಗಳನ್ನು ಎತ್ತಿಕೊಂಡು ಒಂದಕ್ಕೊಂದು ಜೋಡಿಸಿ ನೋಡುತ್ತಿದ್ದಳು. ಮಿಸ್ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಕಳ್ಳಿಯಂತೆ ತಲೆ ತಗ್ಗಿಸಿದ್ದಳು. ಅದನ್ನು ನೋಡಿಕೊಂಡು ನನಗೆ ನಿಲ್ಲಲಾಗಲಿಲ್ಲ.

ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಮೂತಿಯಿಂದ ಆದದ್ದಲ್ಲ ಕಣೇ. ನಾನೇ ಬಿಟ್ಟೆ. ಬೇಕಂತ."

"ಬೇಕಂತ ಯಾರಾದ್ರೂ ತಪ್ಪು ಬರೀತಾರಾ?"

"ಹೊಟ್ಟೆಕಿಚ್ಚಾದ್ರೆ ಬರೀತಾರೆ."

"ಯಾರ ಮೇಲೆ?"

ಗದ್ದ ಎತ್ತಿ ಮಿಸ್ ಕಡೆ ತೋರಿಸಿದೆ. ಹಲ್ಲಿನ ಡಾಕ್ಟರ್ ತೆರೆದ ಬಾಯಿ ತೆರೆದೇ ಇತ್ತು.

ಗುಂಡುಸೂಜಿ ನನ್ನನ್ನು ನೋಡಿದಳು. ತಪ್ಪು ಬರೆದ ತಟ್ಟೆಯನ್ನು ನಾನು ನೋಡುತ್ತಿದ್ದ ಹಾಗೆ ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೂತಿಯನ್ನು ತೆಗೆದುಕೊಂಡಳು.

"ಹಾಗಾದ್ರೆ ಇದು ಮಿಸ್‌ದೇ," ಎಂದಳು. "ಸಾರಿ ಹೇಳು. ಕೈ ಕಟ್ಕೊಂಡು."

ಎದ್ದು ನಿಂತು ಕೈ ಕಟ್ಟಿಕೊಂಡೆ. "ಸಾರಿ ಮಿಸ್," ಎಂದೆ.

"ಸರಿ, ಕೂತ್ಕೋ," ಎಂದುಬಿಟ್ಟಳು ಮಿಸ್ ಅಭ್ಯಾಸಬಲದಿಂದ, ಕೂಡಲೇ ನಾಲಿಗೆ ಕಚ್ಚಿಕೊಂಡಳು. ಕ್ಲಾಸು ಹೋ ಎಂದು ನಕ್ಕಿತು. ನಾನು ಕೂತೆ. ಮಿಸ್ ಮೂತಿಯಲ್ಲಿ ಮೆತ್ತಿದ್ದ ಕ್ರೀಮನ್ನು ಒರೆಸಿ, ಮುರಿದ ಸೀಮೆಸುಣ್ಣದ ಒಂದು ತುಂಡು ಸಿಕ್ಕಿಸಿ, ನೀಲಿ ಟೇಪನ್ನು ಮತ್ತೆ ಸುತ್ತುತ್ತಿದ್ದಳು. ಗುಂಡುಸೂಜಿ ಪಕ್ಕದಲ್ಲಿ ನಿಂತು ಹೇಗೆ ಸುತ್ತಬೇಕೆಂದು ಹೇಳಿಕೊಡುತ್ತಿದ್ದಳು. ಇಬ್ಬರ ತಲೆಯೂ ಒಂದಕ್ಕೊಂದು ತಾಗಿತ್ತು. ನಾನು ನನ್ನದೇ ಕೇಕು ತಿಂದೆ. ಸಿಹಿ ಹೆಚ್ಚಾಗಿತ್ತು.

ಮನೆಗೆ ಹೊರಟಾಗ ಗುಂಡುಸೂಜಿ ನನಗಾಗಿ ಕಾಯಲಿಲ್ಲ. ಬ್ಯಾಗು ಎರಡೂ ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ನಡೆದಳು. ನಾನು ಖಾಲಿ ಡಬ್ಬ ಹಿಡಿದು ಹಿಂದೆ. ಪಾತ್ರೆ ಅಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು, ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ದೊಡ್ಡ ರಸ್ತೆಯ ಅಂಚಿಗೆ ಬಂದಾಗ ನಿಂತಳು. ಬಸ್ಸುಗಳು ಭರ್ರನೆ ಹೋಗುತ್ತಿದ್ದವು. ಮುಖ ತಿರುಗಿಸದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿದಳು.

"ಸಿಟ್ಟು ಹೋಯ್ತಾ?" ನಾನು ಆಸೆಯಿಂದ ಕೇಳಿದೆ.

"ಇಲ್ಲ," ಎಂದಳು. "ರಸ್ತೆ ದಾಟುವಾಗ ಅಮ್ಮನ ಕೈ ಹಿಡ್ಕೋಬೇಕು. ಮಿಸ್ ಹೇಳಿದ್ದಾರೆ."

ಆ ಮಾತು ಅವತ್ತು ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಚುಚ್ಚಿತು. ಟೇಪಿನ ಅಂಟು, ಸೀಮೆಸುಣ್ಣ, ಕ್ರೀಮು ಎಲ್ಲ ಮೆತ್ತಿಕೊಂಡ ಆ ಪುಟ್ಟ ಕೈಯನ್ನು ಹಿಡಿದುಕೊಂಡೆ. ರಸ್ತೆ ದಾಟಿದ ಮೇಲೂ ಬಿಡಲಿಲ್ಲ.